ಮನೆಯ ಪ್ರಿಂಟರಿನ ಸ್ಕ್ಯಾನ್ ಫೈಲು ಅಳತೆ ಮೀರಿದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಪಹಣಿ, ಕ್ರಯಪತ್ರ, ಅಂಕಪಟ್ಟಿ, ಅಡಿಕೆ ಸೊಸೈಟಿಯ ಸಾಲದ ಕಾಗದ, ಭೂಸ್ವಾಧೀನದ ಹಳೆಯ ನೋಟಿಸು ಇವನ್ನೆಲ್ಲ ಮನೆಯ ಆಲ್-ಇನ್-ಒನ್ ಪ್ರಿಂಟರಿನಲ್ಲೇ ಸ್ಕ್ಯಾನ್ ಮಾಡಿಕೊಳ್ಳುವವರು ಘಟ್ಟದ ಮೇಲೂ ಕರಾವಳಿಯಲ್ಲೂ ಹೆಚ್ಚಾಗಿದ್ದಾರೆ. ಅವರಲ್ಲಿ ಬಹುತೇಕರು ಎದುರಿಸುವ ತೊಡಕು ಒಂದೇ: ಫೈಲು ಹತ್ತಾರು ಎಂಬಿ ಆಗುತ್ತದೆ, ಅರ್ಜಿಯ ಪುಟ ಅದನ್ನು ತೆಗೆದುಕೊಳ್ಳುವುದಿಲ್ಲ. ಶಿರಸಿ, ಸಿದ್ದಾಪುರ, ಕುಮಟಾ, ಕಾರವಾರಗಳ ಪರಿಚಿತರು ಮಾತಿನಲ್ಲೂ ಪತ್ರದಲ್ಲೂ ಕೇಳಿದ್ದನ್ನು ಅವರ ಮಾತಿನಲ್ಲೇ ಇಲ್ಲಿ ಕೊಟ್ಟಿದೆ. ಫೈಲಿನ ಗಾತ್ರ ನಿರ್ಧಾರವಾಗುವುದು ಸ್ಕ್ಯಾನ್ ಗುಂಡಿ ಒತ್ತುವ ಮೊದಲು. ಆಮೇಲೆ ಮಾಡುವುದೆಲ್ಲ ದುರಸ್ತಿ. ಕೆಳಗಿನ ಉತ್ತರಗಳನ್ನು ಈ ನಿಲುವಿನಿಂದಲೇ ಬರೆಯಲಾಗಿದೆ.

## ಮೊದಲು ತಿಳಿಯಬೇಕಾದವು

ಸ್ಕ್ಯಾನ್ ಮಾಡಿದ್ದು ಒಂದೇ ಹಾಳೆ. ಅಷ್ಟಕ್ಕೆ 20 ಎಂಬಿ ಎಂತಕ್ಕೆ ಆಗ್ತದೆ?

ಸ್ಕ್ಯಾನರಿಗೆ ಅಕ್ಷರವೆಂಬುದು ತಿಳಿಯದು. ಅದು ಹಾಳೆಯನ್ನು ಸಣ್ಣ ಚುಕ್ಕೆಗಳಾಗಿ ಒಡೆದು ಪ್ರತಿ ಚುಕ್ಕೆಯ ಬಣ್ಣವನ್ನು ಬರೆದಿಟ್ಟುಕೊಳ್ಳುತ್ತದೆ. ಎ4 ಹಾಳೆಯ ಅಳತೆ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ಇಂಚಿಗೆ 300 ಚುಕ್ಕೆಯಂತೆ ಓದಿದರೆ ಅಗಲಕ್ಕೆ 2480, ಉದ್ದಕ್ಕೆ 3508, ಒಟ್ಟು ಸುಮಾರು 87 ಲಕ್ಷ ಚುಕ್ಕೆಗಳಾಗುತ್ತವೆ. ಬಣ್ಣದ ಪ್ರತಿ ಚುಕ್ಕೆಗೆ 3 ಬೈಟ್ ಬೇಕಾಗುವುದರಿಂದ, ಸಂಕುಚಿತಗೊಳಿಸದ ಒಂದು ಪುಟ 26 ಎಂಬಿ ಆಗುತ್ತದೆ. ಅದೇ ಹಾಳೆಯನ್ನು 600ರಲ್ಲಿ ಓದಿದರೆ ಉದ್ದ, ಅಗಲ ಎರಡೂ ಇಮ್ಮಡಿಯಾಗಿ ಒಟ್ಟು ನಾಲ್ಕು ಪಟ್ಟು, ಅಂದರೆ 104 ಎಂಬಿ ಆಗುತ್ತದೆ. ನಿಮ್ಮ ಪುಟ ಖಾಲಿ ಇರಲಿ, ತುಂಬಿರಲಿ, ಈ ಮೂಲ ಲೆಕ್ಕ ಬದಲಾಗದು. ಬದಲಾಗುವುದು ಉಳಿಸುವಾಗ ಎಷ್ಟು ಒತ್ತಿ ಕುಗ್ಗಿಸಲಾಯಿತು ಎಂಬುದು ಮಾತ್ರ. ಬಿಎಂಪಿ ಎಂಬ ಚಿತ್ರರೂಪದಲ್ಲಿ ಇಲ್ಲವೇ ಕುಗ್ಗಿಸದ ಟಿಫ್‌ನಲ್ಲಿ ಉಳಿಸುವಂತೆ ನಿಮ್ಮ ಸ್ಕ್ಯಾನ್ ತಂತ್ರಾಂಶ ಹೊಂದಿಸಿಕೊಂಡಿದ್ದರೆ ಇಡೀ ಗಾತ್ರ ಹಾಗೆಯೇ ಉಳಿಯುತ್ತದೆ.

ಹಾಗಾದರೆ ಡಿಪಿಐ ಎಷ್ಟು ಇಡುವುದು?

ಡಿಪಿಐ ಎಂದರೆ ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ. ಅಚ್ಚಿನ ಅರ್ಜಿ, ರಸೀದಿ, ಕರೆಂಟ್ ಬಿಲ್ಲುಗಳಿಗೆ 200 ಸಾಕು. ಕೈಬರಹದ ಹಳೆಯ ಕ್ರಯಪತ್ರ, ಸಣ್ಣ ಅಕ್ಷರದ ಪಹಣಿ, ಮಸಕಾದ ಅಂಕಪಟ್ಟಿ ಇವಕ್ಕೆ 300 ಇಡಿ. ಇಂಗ್ಲಿಷಿಗೆ ಸಾಕಾಗುವ 150 ಕನ್ನಡಕ್ಕೆ ಅನೇಕ ಸಲ ಸಾಲುವುದಿಲ್ಲ, ಏಕೆಂದರೆ ಅಕ್ಷರದ ಕೆಳಗೆ ಕೂತ ಒತ್ತಕ್ಷರ ತೀರ ಸಣ್ಣದಿದ್ದು ಮೊದಲು ಕಲಸಿಹೋಗುವುದು ಅದೇ. ಕನ್ನಡ ಅಂಕಿಗಳಲ್ಲಿ ಬರೆದ ಸರ್ವೆ ನಂಬರಿನ ೬ ಮತ್ತು ೯ ಕೂಡ ಮಸುಕಾದರೆ ಒಂದನ್ನೊಂದು ಹೋಲುತ್ತವೆ. ಪೆಟ್ಟಿಗೆಯ ಮೇಲೆ ಅಚ್ಚಾದ 4800, 9600 ಎಂಬ ಸಂಖ್ಯೆಗಳನ್ನು ಮರೆತುಬಿಡಿ. ಮನೆಯ ಯಂತ್ರಗಳ ಗಾಜಿನ ಕೆಳಗಿನ ಸಂವೇದಕ ನಿಜವಾಗಿ ಓದಬಲ್ಲ ಚುಕ್ಕೆಗಳಿಗೆ ಮಿತಿ ಇದೆ. ಅದಕ್ಕಿಂತ ಮೇಲಿನದು ತಂತ್ರಾಂಶವು ಊಹಿಸಿ ತುಂಬಿದ್ದು. ಅದರಿಂದ ಗಾತ್ರ ಏರುತ್ತದೆ, ಓದಲು ಸಿಗುವ ವಿವರ ಏರುವುದಿಲ್ಲ.

ಕಲರ್ ಬೇಕೋ, ಗ್ರೇ ಸಾಕೋ, ಬ್ಲ್ಯಾಕ್ ಆಂಡ್ ವೈಟ್ ಇಡಬಹುದೋ?

ಈ ಆಯ್ಕೆಯೇ ಎಲ್ಲಕ್ಕಿಂತ ಹೆಚ್ಚು ಎಂಬಿ ಉಳಿಸುತ್ತದೆ, ಕಾಗದ ಕೆಡಿಸುವುದೂ ಇದೇ. 300 ಡಿಪಿಐನ ಬಣ್ಣದ ಎ4 ಪುಟ ಕಚ್ಚಾ ರೂಪದಲ್ಲಿ 26 ಎಂಬಿ, ಗ್ರೇಸ್ಕೇಲ್ (ಬೂದು ಛಾಯೆಗಳು ಮಾತ್ರ) ಆದರೆ 8.7 ಎಂಬಿ, ಬರೀ ಕಪ್ಪು-ಬಿಳುಪಾದರೆ 1.1 ಎಂಬಿ. ಕಪ್ಪು-ಬಿಳುಪಿನಲ್ಲಿ ಪ್ರತಿ ಚುಕ್ಕೆಯೂ ಪೂರ್ತಿ ಕಪ್ಪು, ಇಲ್ಲವೇ ಪೂರ್ತಿ ಬಿಳಿ. ಫ್ಯಾಕ್ಸ್ ಕಾಲದಿಂದ ಬಂದ ಗ್ರೂಪ್ 4 ಎಂಬ ವಿಧಾನ ಅದನ್ನು ಒಂದು ಚುಕ್ಕೆಯೂ ಕಳೆಯದಂತೆ ಮತ್ತೆ ಕುಗ್ಗಿಸಿ ನೂರು ಕೆಬಿಯ ಆಸುಪಾಸಿಗೆ ತರುತ್ತದೆ.

ತೊಡಕು ಬರುವುದು ಛಾಪಾ ಕಾಗದದಲ್ಲಿ. ಅದರ ಬಣ್ಣದ ನೆಲದ ಮೇಲೆ ಹಳೆಯ ಶಾಯಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಎಲ್ಲಿಯವರೆಗೆ ಬಿಳಿ, ಎಲ್ಲಿಂದ ಕಪ್ಪು ಎಂಬ ಗೆರೆಯನ್ನು ಯಂತ್ರ ತಾನೇ ಎಳೆಯುವುದರಿಂದ, ನೆಲದ ಚಿತ್ತಾರ ಕರಿ ಮಸಿಯಾಗಿ ಹರಡುತ್ತದೆ, ತಿಳಿ ನೇರಳೆಯ ದುಂಡು ಮೊಹರು ಅರ್ಧ ಮಾಯವಾಗುತ್ತದೆ, ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಮಾಡಿದ್ದು ಪೂರ್ತಿ ಹೋಗುತ್ತದೆ. ಆದ್ದರಿಂದ ಮೊಹರು, ಸಹಿ, ಹೆಬ್ಬೆಟ್ಟಿನ ಗುರುತು ಇರುವ ಕಾಗದವನ್ನು ಗ್ರೇನಲ್ಲಿ ಅಥವಾ ಬಣ್ಣದಲ್ಲಿ, ಬರೀ ಅಚ್ಚಕ್ಷರದ ಕಾಗದವನ್ನು ಕಪ್ಪು-ಬಿಳುಪಿನಲ್ಲಿ ತೆಗೆಯಿರಿ. ನಲವತ್ತು ಪುಟದ ಕಡತದಲ್ಲಿ ಮೊಹರು ಇರುವುದು ಆರು ಪುಟದಲ್ಲಿ ಮಾತ್ರವಾದರೆ ಆ ಆರನ್ನಷ್ಟೇ ಬಣ್ಣದಲ್ಲಿ ತೆಗೆದು ಸೇರಿಸಬಹುದು. ಒಂದೇ ಪಿಡಿಎಫ್‌ನಲ್ಲಿ ಎರಡೂ ಬಗೆಯ ಪುಟ ಇರಲು ಏನೂ ಅಡ್ಡಿಯಿಲ್ಲ. ಯಂತ್ರದ ‘ಆಟೋ’ ಆಯ್ಕೆಯನ್ನು ನಂಬಬೇಡಿ. ಹಳದಿಯಾದ ಹಾಳೆ ಕಂಡರೆ ಅದು ಬಣ್ಣವೆಂದೇ ತೀರ್ಮಾನಿಸುತ್ತದೆ.

ಪಿಡಿಎಫ್ ಮಾಡಿದರೆ ಫೈಲು ತಾನಾಗಿಯೇ ಸಣ್ಣದಾಗುವುದಿಲ್ಲವೇ?

ಆಗುವುದಿಲ್ಲ. ಸ್ಕ್ಯಾನ್ ಮಾಡಿದ ಪಿಡಿಎಫ್ ಎಂದರೆ ಚಿತ್ರಗಳನ್ನು ಪುಟವಾಗಿ ಜೋಡಿಸಿದ ಹೊದಿಕೆ ಅಷ್ಟೇ. ಒಳಗಿನ ಚಿತ್ರ ದೊಡ್ಡದಿದ್ದರೆ ಪಿಡಿಎಫೂ ದೊಡ್ಡದೇ. ಸ್ಕ್ಯಾನ್ ತಂತ್ರಾಂಶದಲ್ಲಿ ‘ಕ್ವಾಲಿಟಿ’ ಅಥವಾ ‘ಕಂಪ್ರೆಶನ್’ ಎಂಬ ಜಾರುಪಟ್ಟಿ ಎಲ್ಲಿದೆ ಎಂದು ಹುಡುಕಿ. ಕಾಗದಪತ್ರಕ್ಕೆ ಜೆಪೆಗ್ (ಚಿತ್ರವನ್ನು ಕುಗ್ಗಿಸಿ ಇಡುವ ರೂಪ) ಗುಣಮಟ್ಟ 60ರಿಂದ 75ರ ನಡುವೆ ಇದ್ದರೆ ಸಾಕು, 95 ಅನಗತ್ಯ.

ಆಧಾರ್ ಕಾರ್ಡು ಇಷ್ಟು ಚಿಕ್ಕದು, ಫೈಲು ಮಾತ್ರ ದೊಡ್ಡ ಹಾಳೆಯಷ್ಟೇ ಬರ್ತದಲ್ಲ?

ಕಾರ್ಡಿನ ಸುತ್ತಲಿನ ಬಿಳಿ ಮುಚ್ಚಳವನ್ನೂ ಯಂತ್ರ ಓದಿದೆ ಎಂದರ್ಥ. ಬ್ಯಾಂಕ್ ಕಾರ್ಡಿನ ಅಳತೆಯ ಗುರುತಿನ ಚೀಟಿ 85.6 ಮಿ.ಮೀ. ಉದ್ದ, 54 ಮಿ.ಮೀ. ಅಗಲ, ಎ4 ಹಾಳೆಯ ವಿಸ್ತಾರ ಅದರ ಹದಿಮೂರು ಪಟ್ಟಿಗೂ ಹೆಚ್ಚು. ಯಂತ್ರದ ಮೇಲಿನ ಗುಂಡಿ ಒತ್ತುವ ಬದಲು ಕಂಪ್ಯೂಟರಿನಿಂದ ‘ಪ್ರಿವ್ಯೂ’ ತೆಗೆದು, ಕಾರ್ಡು ಇರುವ ಜಾಗವನ್ನಷ್ಟೇ ಚೌಕದೊಳಗೆ ಹಿಡಿದು ಸ್ಕ್ಯಾನ್ ಮಾಡಿ.

ಪ್ರಿಂಟರ್ ಬಿಟ್ಟು ಮೊಬೈಲಿನಲ್ಲೇ ತೆಗೆದರೆ?

ತೆಗೆಯಬಹುದು. 12 ಮೆಗಾಪಿಕ್ಸೆಲ್ ಕ್ಯಾಮೆರಾ ಎ4 ಹಾಳೆಯನ್ನು ಚೌಕಟ್ಟು ತುಂಬ ಹಿಡಿದರೆ ಇಂಚಿಗೆ ಸುಮಾರು 340 ಚುಕ್ಕೆ ಸಿಗುತ್ತದೆ. ಗೂಗಲ್ ಡ್ರೈವಿನ ಸ್ಕ್ಯಾನ್ ಆಯ್ಕೆ ಅಂಚು ಕತ್ತರಿಸಿ, ನೆಲವನ್ನು ಬೆಳ್ಳಗೆ ಮಾಡಿ ಪಿಡಿಎಫ್ ಕೊಡುತ್ತದೆ. ನೆರಳು, ವಾರೆ, ಮಡಿಕೆಯ ಹೊಳಪು ಇವು ಅದರ ದೋಷಗಳು. ಬ್ಯಾಂಕಿಗೆ ಒಂದು ಚೀಟಿ ಕಳಿಸಲು ಮೊಬೈಲ್ ಸಾಕು. ವಕೀಲರಿಗೆ ಇಡೀ ಕಡತ ಕಳಿಸಲು ಗಾಜಿನ ಸ್ಕ್ಯಾನರೇ ಲೇಸು.

## ಫೈಲು ಆಗಲೇ ದೊಡ್ಡದಾಗಿದ್ದರೆ

ಕಾಗದ ವಾಪಸ್ ಕೊಟ್ಟಾಯಿತು. ಇದ್ದ ಫೈಲನ್ನೇ ಸಣ್ಣದು ಮಾಡುವುದು ಹೇಗೆ?

ಮೊದಲು ಮೂಲ ಫೈಲಿನ ಒಂದು ನಕಲು ಮಾಡಿ, ನಕಲಿನ ಮೇಲೆ ಮಾತ್ರ ಕೈಯಿಡಿ. ವಿಂಡೋಸ್‌ನಲ್ಲಿ ನ್ಯಾಪ್ಸ್2 ಎಂಬ ಉಚಿತ, ಮುಕ್ತ ತಂತ್ರಾಂಶವಿದೆ. ಅದರಲ್ಲಿ ಹಳೆಯ ಪಿಡಿಎಫನ್ನು ತೆರೆದು, ಬೇಡದ ಪುಟ ತೆಗೆದು, ಅಂಚು ಕತ್ತರಿಸಿ, ಪುಟವನ್ನು ಕಪ್ಪು-ಬಿಳುಪಿಗೆ ತಿರುಗಿಸಿ ಮತ್ತೆ ಉಳಿಸಬಹುದು. ಮ್ಯಾಕ್ ಇದ್ದವರಿಗೆ ಪ್ರಿವ್ಯೂ ತಂತ್ರಾಂಶದ ಎಕ್ಸ್‌ಪೋರ್ಟ್‌ನಲ್ಲಿ ‘ರೆಡ್ಯೂಸ್ ಫೈಲ್ ಸೈಜ್’ ಎಂಬ ಆಯ್ಕೆ ಸಿಗುತ್ತದೆ. ಆದರೆ ಅದು ಬಹಳ ಕಟುವಾಗಿ ಕುಗ್ಗಿಸುವುದರಿಂದ ಅಕ್ಷರ ಉಳಿಯಿತೇ ಎಂದು ನೋಡಿಯೇ ಕಳಿಸಬೇಕು. ಆಜ್ಞೆ ಬರೆದು ಕೆಲಸ ಮಾಡುವ ಅಭ್ಯಾಸವಿದ್ದವರಿಗೆ ಘೋಸ್ಟ್‌ಸ್ಕ್ರಿಪ್ಟ್ ಇದೆ: ಅದರ ‘ಸ್ಕ್ರೀನ್’ ಮಟ್ಟ ಬಣ್ಣದ ಮತ್ತು ಗ್ರೇ ಚಿತ್ರಗಳನ್ನು 72 ಡಿಪಿಐಗೂ, ‘ಈಬುಕ್’ ಮಟ್ಟ 150ಕ್ಕೂ, ‘ಪ್ರಿಂಟರ್’ ಮಟ್ಟ 300ಕ್ಕೂ ಇಳಿಸುತ್ತದೆ. ಕನ್ನಡದ ಕಾಗದಕ್ಕೆ ‘ಸ್ಕ್ರೀನ್’ ಬೇಡ.

ಕುಗ್ಗಿಸಿದ್ದನ್ನೇ ಮತ್ತೆ ಕುಗ್ಗಿಸಬೇಡಿ. ಜೆಪೆಗ್ ಚಿತ್ರವನ್ನು 8 ಚುಕ್ಕೆ ಅಗಲ, 8 ಚುಕ್ಕೆ ಉದ್ದದ ಚೌಕಗಳಾಗಿ ಕತ್ತರಿಸಿ ಪ್ರತಿ ಚೌಕದಲ್ಲೂ ಸೂಕ್ಷ್ಮ ವಿವರವನ್ನು ಕೈಬಿಡುತ್ತದೆ. ಪ್ರತಿ ಸಲವೂ ಕೈಬಿಟ್ಟದ್ದು ಹಿಂದಿರುಗದು. ಅಕ್ಷರದ ಸುತ್ತ ಬೂದು ಬಣ್ಣದ ಧೂಳಿನಂತೆ ಕಾಣುವುದು ಇದರದ್ದೇ ಗುರುತು. ಇನ್ನೂ ಸಣ್ಣದು ಬೇಕಾದರೆ ಮೂಲಕ್ಕೆ ಹಿಂತಿರುಗಿ ಅಲ್ಲಿಂದಲೇ ಹೊಸದಾಗಿ ಕುಗ್ಗಿಸಿ.

ಜಿಪ್ ಮಾಡಿದೆ. 18 ಎಂಬಿ ಇದ್ದದ್ದು 17.6 ಆಯಿತು. ಇದೆಂಥ ಜಿಪ್ಪು?

ಒಳಗಿರುವುದು ಆಗಲೇ ಕುಗ್ಗಿದ ಜೆಪೆಗ್. ಜಿಪ್ ಹುಡುಕುವುದು ಮರುಕಳಿಸುವ ಮಾಹಿತಿಯನ್ನು. ಅಲ್ಲಿ ಅದು ಉಳಿದಿಲ್ಲ.

25 ಎಂಬಿ ಮಿತಿ ಅಂತಾರೆ. 20 ಎಂಬಿ ಫೈಲು ಇಮೇಲಿನಲ್ಲಿ ತಿರುಗಿ ಬಂತು, ಯಾಕೆ?

ಇಮೇಲ್ ವ್ಯವಸ್ಥೆ ಲಗತ್ತನ್ನು ಅಕ್ಷರರೂಪಕ್ಕೆ ತಿರುಗಿಸಿ ಒಯ್ಯುತ್ತದೆ. ಆ ತಿರುಗಿಸುವಿಕೆಯಲ್ಲಿ ಗಾತ್ರ ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. 20 ಎಂಬಿ ಹೊರಡುವಾಗ 26 ದಾಟಿರುತ್ತದೆ. ಜೀಮೇಲಿನ ಮಿತಿ 25 ಎಂಬಿ, ಪಡೆಯುವವರ ಕಚೇರಿಯ ಮಿತಿ ಅದಕ್ಕಿಂತಲೂ ಕಡಿಮೆ ಇರಬಹುದು. ವಾಟ್ಸಾಪಿನಲ್ಲಿ ಕಳಿಸುವುದಾದರೆ ‘ಡಾಕ್ಯುಮೆಂಟ್’ ಎಂದು ಆರಿಸಿ ಕಳಿಸಿ. ಫೋಟೋ ಎಂದು ಕಳಿಸಿದರೆ ಅದು ತಾನೇ ಕುಗ್ಗಿಸಿ ಸಣ್ಣ ಅಕ್ಷರವನ್ನು ಅಳಿಸುತ್ತದೆ.

ನಮ್ಮ ಕಡೆ ಇನ್ನೊಂದು ಕಾರಣವೂ ಇದೆ. ಜೋಯಿಡಾದ ಒಳಗಿನ ಊರುಗಳಲ್ಲಿ, ಸಿದ್ದಾಪುರದ ಕಣಿವೆಗಳಲ್ಲಿ ನೆಟ್‌ವರ್ಕ್ ಸಿಗುವ ದಿಬ್ಬ ಹುಡುಕಿ ನಿಲ್ಲಬೇಕು. ಸೆಕೆಂಡಿಗೆ 1 ಮೆಗಾಬಿಟ್ (8 ಮೆಗಾಬಿಟ್ ಸೇರಿದರೆ 1 ಎಂಬಿ) ವೇಗ ಸಿಕ್ಕರೂ 30 ಎಂಬಿ ಫೈಲು ಮೇಲೇರಲು ಕನಿಷ್ಠ 4 ನಿಮಿಷ ಬೇಕು. ಅಷ್ಟರಲ್ಲಿ ಅರ್ಜಿಯ ಪುಟ ಕಾಲಾವಧಿ ಮುಗಿಯಿತೆಂದು ಹೊರಗೆ ಹಾಕುತ್ತದೆ. 2 ಎಂಬಿ ಆದರೆ ಸುಮಾರು ಕಾಲು ನಿಮಿಷ.

ಆನ್‌ಲೈನ್‌ನಲ್ಲಿ ಪುಕ್ಕಟೆ ಕುಗ್ಗಿಸಿ ಕೊಡುತ್ತಾರಲ್ಲ, ಜಮೀನಿನ ಕಾಗದ ಅಲ್ಲಿ ಹಾಕಬಹುದೇ?

ಹಾಕಬೇಡಿ ಎಂಬುದೇ ನನ್ನ ಸಲಹೆ. ಅಂಥ ತಾಣಗಳು ಕೆಲ ಗಂಟೆಯಲ್ಲಿ ಫೈಲು ಅಳಿಸುವುದಾಗಿ ಹೇಳಿಕೊಂಡರೂ ಅದನ್ನು ಪರೀಕ್ಷಿಸಲು ನಿಮಗೆ ದಾರಿಯಿಲ್ಲ. ಸಹಿ, ಹೆಬ್ಬೆಟ್ಟು, ಆಧಾರ್ ಸಂಖ್ಯೆ, ಗಡಿಯ ವಿವರ ನಾಲ್ಕೂ ಒಂದೇ ಕ್ರಯಪತ್ರದಲ್ಲಿ ಇರುವಾಗ ಆ ಅಪಾಯಕ್ಕೆ ಕಾರಣವಿಲ್ಲ. ಕುಗ್ಗಿಸಲು ಮೇಲೆ ಹೇಳಿದ ತಂತ್ರಾಂಶಗಳೆಲ್ಲ ನಿಮ್ಮದೇ ಯಂತ್ರದಲ್ಲಿ, ಇಂಟರ್‌ನೆಟ್ ಇಲ್ಲದೆಯೇ ನಡೆಯುತ್ತವೆ. ಆಧಾರ್ ಪ್ರತಿ ಕೊಡಲೇಬೇಕಾದರೆ, ಕೇಳಿದವರು ಒಪ್ಪುವುದಾದರೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಅನ್ನು ಆಧಾರ್ ಕೊಡುವ ಪ್ರಾಧಿಕಾರದ ತಾಣದಿಂದಲೇ ಇಳಿಸಿಕೊಳ್ಳಬಹುದು.

## ಹವೆ, ಹಳೆಯ ಕಾಗದ, ಯಂತ್ರ

ಮಳೆಗಾಲದಲ್ಲಿ ಮಾಡಿದ ಸ್ಕ್ಯಾನ್ ದೊಡ್ಡದಾಗ್ತದೆ ಅಂದರೆ ಯಾರೂ ನಂಬುವುದಿಲ್ಲ. ಹೌದೋ ಅಲ್ಲವೋ?

ಹೌದು, ಆಗಬಹುದು. ಮಳೆ ನೇರವಾಗಿ ಫೈಲಿಗೆ ಸೇರುವುದಿಲ್ಲ, ಹಾಳೆಗೆ ಸೇರುತ್ತದೆ. ಜೆಪೆಗ್‌ಗೆ ಸುಲಭವಾದದ್ದು ಒಂದೇ ಸಮನಾದ ಬಿಳಿ ನೆಲ. ಜೂನ್ ಕಳೆಯುವಷ್ಟರಲ್ಲಿ ಕಪಾಟಿನ ಕಾಗದಕ್ಕೆ ಬೂಸ್ಟು ಬರುತ್ತದೆ, ತೇವದಿಂದ ಅಲೆಯಾಗಿ ಉಬ್ಬುತ್ತದೆ, ಉಬ್ಬಿದ ಕಡೆ ಗಾಜಿನಿಂದ ಮೇಲೆದ್ದು ನೆರಳು ಬೀಳುತ್ತದೆ. ಸಂವೇದಕಕ್ಕೆ ಇವೆಲ್ಲ ‘ವಿವರ’ವೇ. ಬರಹದ ಜೊತೆಗೆ ಪ್ರತಿ ಕಲೆಯನ್ನೂ ಪ್ರಾಮಾಣಿಕವಾಗಿ ದಾಖಲಿಸುತ್ತಾ ಹೋದರೆ ಗಾತ್ರ ಏರದೆ ಇರದು.

ಪರಿಹಾರ ಸರಳವಿದೆ. ಕಾಗದವನ್ನು ಒಂದು ರಾತ್ರಿ ಒಣ ಕೋಣೆಯಲ್ಲಿ ದಪ್ಪ ಪುಸ್ತಕಗಳ ನಡುವೆ ಒತ್ತಿಡಿ. ಒಲೆಯ ಮೇಲಿನ ಅಟ್ಟಕ್ಕೆ ಹಾಕಬೇಡಿ, ಮಸಿ ಹಿಡಿಯುತ್ತದೆ. ಬೂಸ್ಟನ್ನು ಮೃದು ಕುಂಚದಿಂದ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮನೆಯ ಹೊರಗೆ ತೆಗೆಯಿರಿ. ತೆಳು ಹಾಳೆಯ ಹಿಂಬದಿಯ ಬರಹ ಮುಂದಕ್ಕೆ ಕಾಣುತ್ತಿದ್ದರೆ ಹಾಳೆಯ ಹಿಂದೆ ಒಂದು ಕಪ್ಪು ಹಾಳೆ ಇಡಿ: ನೆಲ ಸ್ವಲ್ಪ ಕಂದುತ್ತದೆ, ಆದರೆ ಹಿಂಬದಿಯ ಅಕ್ಷರ ಅಡಗುತ್ತದೆ. ಬಳಿಕ ತಂತ್ರಾಂಶದ ‘ಬ್ಯಾಕ್‌ಗ್ರೌಂಡ್ ರಿಮೂವಲ್’ ಅಥವಾ ಬ್ರೈಟ್‌ನೆಸ್-ಕಾಂಟ್ರಾಸ್ಟ್ ಹೊಂದಿಸಿ ನೆಲವನ್ನು ಬೆಳ್ಳಗೆ ಮಾಡಿ, ಮೊಹರು ಮಾಯವಾಗುವ ಮೊದಲೇ ನಿಲ್ಲಿಸಿ. ‘ಶಾರ್ಪನ್’ ಆರಿಸಿದ್ದರೆ ತೆಗೆದುಹಾಕಿ, ಅದು ಕಲೆಯನ್ನೂ ಚೂಪು ಮಾಡುತ್ತದೆ.

ಮೇಲಿನ ಟ್ರೇಯಿಂದ ಹಾಕಿದರೆ ಎಲ್ಲ ಪುಟದಲ್ಲೂ ಒಂದೇ ಕಡೆ ಉದ್ದ ಗೆರೆ ಬರ್ತದೆ. ಗಾಜು ಒರೆಸಿಯಾಯಿತು.

ಒರೆಸಿದ್ದು ದೊಡ್ಡ ಗಾಜನ್ನು. ಟ್ರೇಯಿಂದ ಬರುವ ಹಾಳೆ ಓದಿಸಿಕೊಳ್ಳುವುದು ಪಕ್ಕದ ಕಿರುಪಟ್ಟಿಯ ಗಾಜಿನ ಮೇಲೆ. ಅಲ್ಲಿ ಕೂತ ಒಂದು ಅಂಟಿನ ಚುಕ್ಕೆ ಚಲಿಸುವ ಹಾಳೆಯ ಉದ್ದಕ್ಕೂ ಗೆರೆಯಾಗುತ್ತದೆ. ದ್ರವವನ್ನು ಗಾಜಿಗೆ ಸುರಿಯದೆ ನೂಲು ಬಿಡದ ಬಟ್ಟೆಗೆ ಹಾಕಿಕೊಂಡು ಒರೆಸಿ.

ಛಾಪಾ ಕಾಗದ ಗಾಜಿಗಿಂತ ಉದ್ದ ಇದೆ. ಕೊನೆಯ ಸಾಲು ತುಂಡಾಗ್ತದೆ, ಎಂತ ಮಾಡುವುದು?

ಲೀಗಲ್ ಅಳತೆಯ ಹಾಳೆ 356 ಮಿ.ಮೀ. ಉದ್ದವಿರುತ್ತದೆ, ಮನೆಯ ಯಂತ್ರದ ಗಾಜು ಸಾಮಾನ್ಯವಾಗಿ ಎ4ಗೆ ಮುಗಿಯುತ್ತದೆ. ಕೆಲವು ಯಂತ್ರಗಳ ಮೇಲಿನ ಟ್ರೇ ಲೀಗಲ್ ಹಾಳೆಯನ್ನು ಒಪ್ಪುತ್ತದೆ, ಆದರೆ ಮಡಿಕೆಯಲ್ಲಿ ಹರಿಯತೊಡಗಿದ ಹಳೆಯ ಕ್ರಯಪತ್ರವನ್ನು ಅದಕ್ಕೆ ಉಣಿಸಬೇಡಿ, ಉರುಳೆಗೆ ಸಿಕ್ಕಿದರೆ ಅಲ್ಲಿಗೆ ಮುಗಿಯಿತು. ಗಾಜಿನ ಮೇಲೆ ಎರಡು ಭಾಗವಾಗಿ, ನಡುವೆ ನಾಲ್ಕೈದು ಸಾಲು ಎರಡರಲ್ಲೂ ಬರುವಂತೆ ತೆಗೆದು, ಎರಡು ಪುಟವಾಗಿಯೇ ಇಡಿ. ಹೊಲಿದು ಒಂದೇ ಚಿತ್ರ ಮಾಡುವ ಆಸೆ ಬೇಡ. ಜೋಡಿಸಿದ ದಾಖಲೆಯ ಮೇಲೆ ಅನುಮಾನ ಹುಟ್ಟುವುದು ಸಹಜ. ಪೋಡಿ ನಕ್ಷೆಯಂಥ ದೊಡ್ಡ ಹಾಳೆಗೆ ಪೇಟೆಯಲ್ಲಿ ದೊಡ್ಡ ಸ್ಕ್ಯಾನರ್ ಇರುವ ಅಂಗಡಿಯೇ ಗತಿ.

## ಸ್ವಲ್ಪ ಆಳದ ಪ್ರಶ್ನೆಗಳು

ಫೈಲು 900 ಕೆಬಿ ಮಾತ್ರ. ಆದರೆ ತೆರೆದರೆ ಪುಟ ಹಾಸುಗಂಬಳಿಯಷ್ಟು ದೊಡ್ಡದು. ಕಚೇರಿಯವರು ‘ಸೈಜ್ ಸರಿಯಿಲ್ಲ’ ಎನ್ನುತ್ತಾರೆ.

ಇಲ್ಲಿ ಕೆಟ್ಟದ್ದು ಪುಟದ ಅಳತೆ, ಎಂಬಿಯಲ್ಲ. ಚಿತ್ರದೊಳಗೆ ‘ನಾನು 300 ಡಿಪಿಐ’ ಎಂಬ ಟಿಪ್ಪಣಿ ಇಲ್ಲದಿದ್ದರೆ, ಪಿಡಿಎಫ್ ಮಾಡುವ ಕೆಲವು ತಂತ್ರಾಂಶಗಳು 72 ಎಂದು ಭಾವಿಸುತ್ತವೆ. ಆಗ 2480 ಚುಕ್ಕೆಯ ಅಗಲ 34 ಇಂಚಾಗುತ್ತದೆ, 3508ರ ಉದ್ದ ಸುಮಾರು 49 ಇಂಚಾಗುತ್ತದೆ. ಚಿತ್ರಗಳನ್ನು ಮತ್ತೆ ಸೇರಿಸುವಾಗ ಪುಟದ ಅಳತೆಯನ್ನು ಎ4 ಎಂದು ಆರಿಸಿದರೆ ಒಂದು ಚುಕ್ಕೆಯೂ ಕಳೆಯದೆ ಸರಿಯಾಗುತ್ತದೆ.

ಕನ್ನಡದಲ್ಲಿ ಹುಡುಕಲು ಬರುವಂತೆ ಮಾಡಿದರೆ ಗಾತ್ರ ಹೆಚ್ಚುತ್ತದೆಯೇ?

ಹೆಚ್ಚುವುದು ಅತ್ಯಲ್ಪ. ಅಕ್ಷರ ಗುರುತಿಸುವ ತಂತ್ರಾಂಶ ಚಿತ್ರದ ಹಿಂದೆ ಕಾಣದ ಪಠ್ಯದ ಪದರ ಇಡುತ್ತದೆ. ಅದು ಪುಟಕ್ಕೆ ಕೆಲವೇ ಕೆಬಿ. ಮುಕ್ತ ತಂತ್ರಾಂಶ ಟೆಸೆರಾಕ್ಟ್ ಕನ್ನಡವನ್ನು ಓದುತ್ತದೆ, ನ್ಯಾಪ್ಸ್2 ಒಳಗಿನಿಂದಲೂ ಅದನ್ನು ಬಳಸಬಹುದು. ಅಚ್ಚಿನ ಕನ್ನಡ 300 ಡಿಪಿಐನಲ್ಲಿ ಚೆನ್ನಾಗಿ ಸಿಗುತ್ತದೆ, ಕೈಬರಹದ ಮೇಲೆ ಭರವಸೆ ಬೇಡ. ಕ್ರಮ ಮುಖ್ಯ: ಮೊದಲು ಓದಿಸಿ, ಆಮೇಲೆ ಕುಗ್ಗಿಸಿ.

ತಂತ್ರಾಂಶದಲ್ಲಿ ‘ಹೈ ಕಂಪ್ರೆಶನ್ ಪಿಡಿಎಫ್’ ಅಂತ ಇದೆ. ಸರ್ವೆ ನಂಬರ್ ಇರುವ ಕಾಗದಕ್ಕೆ ಬಳಸಿದರೆ ಅಡ್ಡಿಯಿಲ್ಲವೇ?

ಆ ಹೆಸರಿನ ಕೆಳಗೆ ಎರಡು ಬೇರೆ ಬೇರೆ ವಿಧಾನಗಳು ಇರಬಹುದು. ಒಂದು, ಪುಟವನ್ನು ಪದರಗಳಾಗಿ ಬಿಡಿಸುವುದು: ಅಕ್ಷರವನ್ನು ಹೆಚ್ಚು ಚುಕ್ಕೆಯ ಕಪ್ಪು-ಬಿಳುಪಿನಲ್ಲಿಯೂ, ನೆಲವನ್ನೂ ಮೊಹರಿನ ಬಣ್ಣವನ್ನೂ ಕಡಿಮೆ ಚುಕ್ಕೆಯಲ್ಲಿಯೂ ಇಡುತ್ತದೆ. ಬಣ್ಣದ ಪುಟಕ್ಕೆ ಇದು ಬಹಳ ಚೆನ್ನಾಗಿ ಒದಗುತ್ತದೆ.

ಇನ್ನೊಂದು, ಕಪ್ಪು-ಬಿಳುಪು ಪುಟವನ್ನು ಕುಗ್ಗಿಸುವ ಜೆಬಿಗ್2 ವಿಧಾನದ ನಷ್ಟಸಹಿತ (ವಿವರ ಕಳೆದುಕೊಳ್ಳುವ) ರೂಪ. ಅದು ಪುಟದಲ್ಲಿ ಒಂದನ್ನೊಂದು ಹೋಲುವ ಅಕ್ಷರಗಳನ್ನು ಗುಂಪು ಮಾಡಿ, ಒಂದರ ಚಿತ್ರವನ್ನೇ ಉಳಿದವುಗಳ ಜಾಗದಲ್ಲೂ ಕೂರಿಸುತ್ತದೆ. ಹೋಲಿಕೆಯ ಲೆಕ್ಕ ತಪ್ಪಿದರೆ ಒಂದು ಅಂಕಿಯ ಜಾಗದಲ್ಲಿ ಇನ್ನೊಂದು ಬರುತ್ತದೆ, ಅದೂ ಅಚ್ಚುಕಟ್ಟಾಗಿ, ಯಾವ ಮಸುಕೂ ಇಲ್ಲದೆ. 2013ರಲ್ಲಿ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್ ಅವರು ಝೆರಾಕ್ಸ್ ಕಂಪನಿಯ ಕೆಲವು ವರ್ಕ್‌ಸೆಂಟರ್ ಯಂತ್ರಗಳು ಕಟ್ಟಡದ ನಕ್ಷೆಯಲ್ಲಿನ ಕೋಣೆಗಳ ಅಳತೆಯನ್ನೇ ಬದಲಿಸುತ್ತಿರುವುದನ್ನು ತೋರಿಸಿಕೊಟ್ಟರು. ಕಂಪನಿ ಬಳಿಕ ತಿದ್ದುಪಡಿ ಹೊರಡಿಸಿತು. ಹಿಸ್ಸೆ, ಗುಂಟೆ, ಆಣೆಗಳ ಲೆಕ್ಕವಿರುವ ಕಾಗದಕ್ಕೆ ಇದು ಸಣ್ಣ ಮಾತಲ್ಲ. ಒಳಗೆ ಯಾವ ವಿಧಾನವಿದೆ ಎಂದು ತಂತ್ರಾಂಶ ಹೇಳದಿದ್ದರೆ ಗ್ರೂಪ್ 4 ಅಥವಾ ಸಾಧಾರಣ ಜೆಪೆಗ್ ಆರಿಸಿ. ನೂರು ಕೆಬಿ ಹೆಚ್ಚಾದರೆ ಆಗಲಿ.

ಆನ್‌ಲೈನ್‌ನಲ್ಲಿ ತೆಗೆದ ಪಹಣಿಯನ್ನು ಪ್ರಿಂಟ್ ಹಾಕಿ ಸ್ಕ್ಯಾನ್ ಮಾಡಿ ಕಳಿಸುತ್ತಿದ್ದೇನೆ. ಬೇರೆ ದಾರಿ ಇದೆಯೇ?

ಇಳಿಸಿಕೊಂಡ ಪಿಡಿಎಫನ್ನೇ ಕಳಿಸಿ. ಅದರೊಳಗೆ ಅಕ್ಷರ ಅಕ್ಷರವಾಗಿಯೇ ಇರುವುದರಿಂದ ಅದು ಸ್ಕ್ಯಾನಿಗಿಂತ ಸಣ್ಣದೂ ಸ್ಪಷ್ಟವೂ ಆಗಿರುತ್ತದೆ. ಡಿಜಿಲಾಕರಿನ ಅಂಕಪಟ್ಟಿಗೂ ಇದೇ ಮಾತು. ಇವುಗಳಲ್ಲಿ ಡಿಜಿಟಲ್ ಸಹಿ ಇದ್ದರೆ ಯಾವ ಕುಗ್ಗಿಸುವ ತಂತ್ರಾಂಶವನ್ನೂ ಮುಟ್ಟಿಸಬೇಡಿ, ಬೇರೆ ಫೈಲಿನೊಂದಿಗೆ ಸೇರಿಸಲೂ ಬೇಡಿ. ಫೈಲನ್ನು ತಿರುಗಿ ಬರೆದೊಡನೆ ಸಹಿ ಅಸಿಂಧುವಾಗುತ್ತದೆ.

ಅಜ್ಜ ಕೈಯಲ್ಲಿ ಬರೆದಿಟ್ಟ ಯಕ್ಷಗಾನ ಪ್ರಸಂಗದ ಪಟ್ಟಿ (ಹೊಲಿದ ಪುಸ್ತಕ) ಇದೆ. ಅರ್ಜಿಯ ಫೈಲಿನಂತೆ ಅದನ್ನೂ 2 ಎಂಬಿಗೆ ಇಳಿಸಬೇಕೇ?

ಬೇಡ. ಅರ್ಜಿಯ ಲೆಕ್ಕವನ್ನು ಅದಕ್ಕೆ ಹಚ್ಚಬೇಡಿ. 400 ಡಿಪಿಐನಲ್ಲಿ, ಬಣ್ಣದಲ್ಲಿ, ಎಲ್‌ಝಡ್‌ಡಬ್ಲ್ಯೂ ಎಂಬ ನಷ್ಟವಿಲ್ಲದ ವಿಧಾನದ ಟಿಫ್ ಆಗಿ ತೆಗೆಯಿರಿ. ಪುಟಕ್ಕೆ ಹತ್ತಾರು ಎಂಬಿ ಆಗುತ್ತದೆ, ಆಗಬೇಕಾದದ್ದೇ. ತಾಳದ ಗುರುತು, ಕೆಂಪು ಶಾಯಿಯ ತಿದ್ದು, ಅಂಚಿನಲ್ಲಿ ಬರೆದಿಟ್ಟ ಅರ್ಥದ ಮಾತು ಎಲ್ಲ ಉಳಿಯುತ್ತವೆ. ಮನೆಯ ಯಂತ್ರಗಳ ಸಂವೇದಕಕ್ಕೆ ಗಾಜಿಗೆ ತಾಗಿದ್ದು ಮಾತ್ರ ಸ್ಪಷ್ಟ ಕಾಣುವುದರಿಂದ, ಹೊಲಿಗೆಯ ಹತ್ತಿರದ ಅಕ್ಷರ ಮಸುಕಾಗುತ್ತದೆ. ಅದಕ್ಕಾಗಿ ಪಟ್ಟಿಯ ಬೆನ್ನು ಮುರಿಯಬೇಡಿ, ಆ ಪುಟಗಳನ್ನು ಮೊಬೈಲಿನಿಂದ ಹಗಲು ಬೆಳಕಿನಲ್ಲಿ ಪ್ರತ್ಯೇಕವಾಗಿ ತೆಗೆಯಿರಿ. ಭಾಗವತರಿಗೆ ಓದಲು ಕಳಿಸುವ ಪ್ರತಿಯನ್ನು ಈ ಮೂಲದಿಂದ 150 ಅಥವಾ 200 ಡಿಪಿಐಗೆ ಇಳಿಸಿ ಬೇರೆಯಾಗಿ ಮಾಡಬಹುದು. ದೀರ್ಘಕಾಲ ಇಡುವ ಪಿಡಿಎಫ್ ಬೇಕಾದರೆ 2005ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಪಿಡಿಎಫ್/ಎ ರೂಪ ಆರಿಸಿ. ಮೂಲದ ಎರಡು ಪ್ರತಿ ಇರಲಿ, ಎರಡೂ ಒಂದೇ ಮನೆಯಲ್ಲಿ ಬೇಡ. ಕರಾವಳಿಯ ಉಪ್ಪುಗಾಳಿಗೆ ಹಾರ್ಡ್‌ಡಿಸ್ಕಿನ ಜೋಡಣೆ ತುಕ್ಕು ಹಿಡಿಯುತ್ತದೆ, ಹೀಗಾಗಿ ಕುಮಟೆಯ ಮನೆಯ ಪ್ರತಿಯನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಟ್ಟು, ವರ್ಷಕ್ಕೊಮ್ಮೆ ಮಳೆಗಾಲ ಮುಗಿದ ಮೇಲೆ ತೆರೆದು ಫೈಲುಗಳು ಓದಲು ಬರುತ್ತವೆಯೇ ಎಂದು ನೋಡಿ.